ಪೂಕೋಡು ಕೆರೆಯ ಪಾಠ

(ಶಾಲಾ ವಾರ್ಷಿಕೋತ್ಸವದಂದು ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವರದಿಯ ವಾಚನ ಮುಗಿದಿದೆ. ಬಹುಮಾನಗಳ ವಿತರಣೆ ಇನ್ನೂ ಆಗಬೇಕಾಗಿದೆ. ಬಹುಮಾನದ ಮೇಜಿನ ಮೇಲೆಯೇ ಕಣ್ಣಿಟ್ಟು ಕುಳಿತಿರುವ ಮಕ್ಕಳ ತಾಳ್ಮೆಯನ್ನು ಬಹಳ ಹೊತ್ತು ಪರೀಕ್ಷಿಸುವುದು ನ್ಯಾಯವಲ್ಲವೆಂಬುದನ್ನು ಬಲ್ಲೆವು. ಆದರೂ ಈ ವರುಷದ ಶೈಕ್ಷಣಿಕ ಪ್ರವಾಸದಲ್ಲಿ ಕಂಡ ಒಂದು ಚಿಕ್ಕ ಕೆರೆಯ ವಿಚಾರವನ್ನೂ, ಅದರ ನೆವದಿಂದ ನಮ್ಮೂರಿನ ಒಂದು ವಿಚಾರವನ್ನೂ ತಮ್ಮ ಮುಂದಿಡಲು ಅಧ್ಯಕ್ಷರು ಅಪ್ಪಣೆ ಕೊಟ್ಟಿದ್ದಾರೆ. ತಾವು ಕಿವಿಗೊಡಬೇಕಾಗಿ ಪ್ರಾರ್ಥನೆ.

ಕಳೆದ ಡಿಸೆಂಬರ್ ತಿಂಗಳಲ್ಲಿ ನಮ್ಮ ಮೇಲಿನ ತರಗತಿಗಳ ಮಕ್ಕಳು ವಯನಾಡಿಗೆ ಹೋಗಿಬಂದರು. ಕೋಯಿಕ್ಕೋಡಿನ ಮಾರ್ಗವಾಗಿ ಹೊರಟು, ತಾಮರಶೇರಿ ಘಟ್ಟದ ಒಂಬತ್ತು ಹಿಮ್ಮುರಿ ತಿರುವುಗಳನ್ನು ಹತ್ತಿ, ಲಕ್ಕಿಡಿಯೆಂಬ ಘಟ್ಟದ ಹೊಸ್ತಿಲನ್ನು ದಾಟಿ, ವೈತಿರಿ ಪೇಟೆಗೆ ಸುಮಾರು 3 ಕಿಲೋಮೀಟರ್ ಈಚೆಗಿರುವ ಪೂಕೋಡು ಕೆರೆಯ ದಡದಲ್ಲಿ ಇಳಿದೆವು. ಬಸ್ಸಿನಿಂದ ಇಳಿದ ಒಬ್ಬ ಹುಡುಗಿ ನೀರನ್ನು ಈ ದಡದಿಂದ ಆ ದಡದವರೆಗೆ ಒಂದೇ ನೋಟದಲ್ಲಿ ಅಳೆದು ನಮ್ಮನ್ನು ಕೇಳಿದಳು: “ಇಷ್ಟೇ ಇಷ್ಟು ಕೆರೆಯನ್ನು ನೋಡಲಿಕ್ಕೆ ಇಷ್ಟು ದೂರ ಬರಬೇಕಿತ್ತಾ, ಸರ್?”

ಮಕ್ಕಳ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಸುಲಭ. ಆದರೆ ಆ ಪ್ರಶ್ನೆ ಪ್ರಾಮಾಣಿಕವಾದುದಾಗಿತ್ತು. ಮೈಸೂರಿನ ಬಳಿಯ ಬೃಂದಾವನದ ಬಣ್ಣದ ಕಾರಂಜಿಗಳನ್ನು ನೋಡಿದ ಕಣ್ಣಿಗೆ ಪೂಕೋಡು ಎಷ್ಟರದು? ಕೆರೆಯ ಹರವು ಹತ್ತು ಹೆಕ್ಟೇರಿಗೂ ಕಡಿಮೆ. ಅದರ ಸುತ್ತ ಒಂದು ಕಾಲುದಾರಿ. ದಾರಿಯ ಮೇಲೆ ಮರಗಳ ನೆರಳು. ಒಂದು ಬದಿಯಲ್ಲಿ ಮಕ್ಕಳು ಆಡುವ ಪುಟ್ಟ ಉದ್ಯಾನ, ಸಿಹಿನೀರಿನ ಮೀನುಗಳನ್ನು ಗಾಜಿನ ತೊಟ್ಟಿಗಳಲ್ಲಿಟ್ಟ ಒಂದು ಶಾಲೆ, ಮೆಟ್ಟಿ ನಡೆಸುವ ದೋಣಿಗಳು, ಜೇನು, ಮೆಣಸು, ಏಲಕ್ಕಿ ಮಾರುವ ಅಂಗಡಿ. ಕೈಯಲ್ಲಿ ತಿಂಡಿ ಹಿಡಿದವರನ್ನು ಮೊದಲು ಗುರುತಿಸುವ ಮಂಗಗಳು. ಜಿಲ್ಲೆಯ ಪ್ರವಾಸೋದ್ಯಮ ಮಂಡಳಿಯ ಆಡಳಿತಕ್ಕೆ ಸೇರಿದ ಸಾಧಾರಣ ತಾಣವದು. ಕೆರೆಯ ಆಕಾರ ಭಾರತದ ನಕಾಶೆಯನ್ನು ಹೋಲುತ್ತದೆಯೆಂದು ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಆದರೆ ನಕಾಶೆ ನೋಡಲು ಅಷ್ಟು ದೂರ ಹೋಗಬೇಕಾಗಿಲ್ಲ. ಅದು ನಮ್ಮ ತರಗತಿಯ ಗೋಡೆಯ ಮೇಲೆಯೇ ಇದೆ.

ಹಾಗಾದರೆ ಆ ಕೆರೆಯಲ್ಲಿ ನೋಡತಕ್ಕದ್ದೇನು? ಆ ಹುಡುಗಿಗೆ ಅಂದು ದಡದ ಮೇಲೆ ಕೊಟ್ಟ ಉತ್ತರವನ್ನೇ ಇಂದು ಸ್ವಲ್ಪ ವಿಸ್ತಾರವಾಗಿ ತಮ್ಮೆದುರು ಹೇಳುತ್ತೇವೆ.

ಮೊದಲು ದಾರಿಯ ಕಥೆ. ಲಕ್ಕಿಡಿಯ ಬಳಿ ಹೆದ್ದಾರಿಯ ಪಕ್ಕದಲ್ಲಿ ಕಬ್ಬಿಣದ ಸಂಕಲೆಯೊಂದನ್ನು ಹೊತ್ತ ಮರವಿದೆ. ಅದನ್ನು ಸಂಕಲೆ ಮರವೆಂದೇ ಕರೆಯುತ್ತಾರೆ. ಘಟ್ಟವನ್ನು ಹತ್ತಲು ದಾರಿ ಕಾಣದೆ ಕಂಗೆಟ್ಟಿದ್ದ ಇಂಗ್ಲಿಷ್ ಇಂಜಿನಿಯರನೊಬ್ಬನಿಗೆ ಪಣಿಯ ಬುಡಕಟ್ಟಿನ ಕರಿಂತಂಡನ್ ಎಂಬ ಕಾಡಿನ ಮಗ ದಾರಿ ತೋರಿಸಿದನಂತೆ. ಆ ಕೀರ್ತಿಯೆಲ್ಲ ತನ್ನೊಬ್ಬನದೇ ಆಗಬೇಕೆಂಬ ಆಸೆಯಿಂದ ಇಂಜಿನಿಯರನು ದಾರಿ ತೋರಿದವನನ್ನೇ ಕೊಲ್ಲಿಸಿದನಂತೆ. ಅನ್ಯಾಯವಾಗಿ ಸತ್ತವನ ಆತ್ಮ ದಾರಿಹೋಕರನ್ನು ಕಾಡತೊಡಗಲು, ಅದನ್ನು ಈ ಮರಕ್ಕೆ ಸಂಕಲೆಯಿಂದ ಬಿಗಿದರಂತೆ. ಇದು ಜನರು ಹೇಳಿಕೊಂಡು ಬಂದ ಕಥೆ, ಚರಿತ್ರೆಯ ದಾಖಲೆಯಲ್ಲ. ಆದರೂ ಇದರಲ್ಲೊಂದು ಸತ್ಯ ಅಡಗಿದೆ. ದೊಡ್ಡ ದಾರಿಗಳನ್ನು ಕಟ್ಟಿಸಿದವರ ಹೆಸರು ಪುಸ್ತಕದಲ್ಲಿ ಉಳಿಯುತ್ತದೆ. ಆ ದಾರಿಯನ್ನು ಮೊದಲೇ ಬಲ್ಲವರಾಗಿದ್ದವರ ನೆನಪು ಮರದ ಬುಡದಲ್ಲಿ ಉಳಿಯುತ್ತದೆ. ನಮ್ಮ ಮಕ್ಕಳು ಅಲ್ಲಿ ಒಂದು ಕ್ಷಣ ಮೌನವಾಗಿ ನಿಂತರು. ಯಾರೂ ಹೇಳದೆಯೇ ನಿಂತರೆಂಬುದು ನಮಗೆ ಸಂತೋಷದ ಸಂಗತಿ.

ಆ ದಾರಿಯೇ ಇಂದು 766ನೆಯ ರಾಷ್ಟ್ರೀಯ ಹೆದ್ದಾರಿ. ಕೋಯಿಕ್ಕೋಡಿನಿಂದ ಹೊರಟ ಅದು ಪೂಕೋಡಿನ ಪಕ್ಕದಲ್ಲಿ ಹಾದು, ಕಲ್ಪೆಟ್ಟ, ಸುಲ್ತಾನ್ ಬತ್ತೇರಿಗಳನ್ನು ದಾಟಿ, ಬಂಡೀಪುರದ ಕಾಡನ್ನು ಹೊಕ್ಕು, ಗುಂಡ್ಲುಪೇಟೆ, ನಂಜನಗೂಡುಗಳ ಮೂಲಕ ಮೈಸೂರನ್ನು ಸೇರಿ, ಕೊಳ್ಳೇಗಾಲದ ಕಡೆಗೆ ಸಾಗುತ್ತದೆ. ಮಲಬಾರಿನ ಕಡಲ ತೀರಕ್ಕೂ ಮೈಸೂರಿನ ಬಯಲಿಗೂ ಈ ಘಟ್ಟದ ಮೂಲಕ ಹಳೆಯ ನಂಟು. ಹೈದರ್ ಮತ್ತು ಟಿಪ್ಪುವಿನ ಸೈನ್ಯಗಳು ವಯನಾಡನ್ನು ಬಲ್ಲವು. ಬತ್ತೇರಿಯೆಂಬ ಹೆಸರೇ ಟಿಪ್ಪುವಿನ ಫಿರಂಗಿಗಳ ದಾಸ್ತಾನಿನಿಂದ ಬಂದುದು. ಆ ಊರಿನ ಕಲ್ಲಿನ ಜೈನ ಬಸದಿಯಲ್ಲಿ ಕನ್ನಡ ನಾಡಿನ ಶಿಲ್ಪಿಗಳ ಕೈವಾಡದ ಗುರುತನ್ನು ಇಂದಿಗೂ ಕಾಣಬಹುದು. ಆಮೇಲೆ ಇಂಗ್ಲಿಷರೊಡನೆ ಕಾಡಿನಲ್ಲಿ ನಿಂತು ಹೋರಾಡಿದ ಪಳಶ್ಶಿ ರಾಜನು 1805ರಲ್ಲಿ ಮಡಿದ ಮೇಲೆ ವಯನಾಡು ಕಂಪೆನಿಯ ವಶವಾಯಿತು. ಕಾಡು ಕಡಿದು ಕಾಫಿ, ಬಳಿಕ ಚಹಾ ತೋಟಗಳು ಎದ್ದವು. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಯಾವ ರಾಜ್ಯವನ್ನು ಸೇರಿತೋ ಅದೇ ಕೇರಳವನ್ನು ಅಂದೇ ಸೇರಿದ ವಯನಾಡು, 1980ರ ನವೆಂಬರ್ 1ರಂದು ಪ್ರತ್ಯೇಕ ಜಿಲ್ಲೆಯಾಯಿತು. ಈ ಎಲ್ಲ ದಂಡು, ಗಾಡಿ, ಮೋಟಾರುಗಳ ಓಡಾಟಕ್ಕೂ ಪಕ್ಕದಲ್ಲಿಯೇ ಆ ಪುಟ್ಟ ಕೆರೆ ಸುಮ್ಮನೆ ಇದ್ದಿತು.

ಇನ್ನು ನಿಸರ್ಗದ ಮಾತು. ಪೂಕೋಡು ಯಾವ ಅರಸನೂ ಕಟ್ಟಿಸಿದ ಕೆರೆಯಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು 770 ಮೀಟರ್ ಎತ್ತರದಲ್ಲಿ, ಗುಡ್ಡಗಳ ನಡುವಿನ ಬಟ್ಟಲಿನಂಥ ತಗ್ಗಿನಲ್ಲಿ ತಾನಾಗಿಯೇ ನಿಂತ ಸಿಹಿನೀರು. ಸುತ್ತಲೂ ನಿತ್ಯಹಸುರಿನ ಮರಗಳು. ಅರಬ್ಬೀ ಸಮುದ್ರದಿಂದ ಎದ್ದ ಮಳೆಗಾಲದ ಮೋಡಗಳು ಘಟ್ಟದ ಗೋಡೆಗೆ ಢಿಕ್ಕಿ ಹೊಡೆದು, ಮೇಲೇರಿ, ತಣಿದು, ತಮ್ಮ ಹೊರೆಯನ್ನು ಮೊದಲು ಇಳಿಸುವುದು ಲಕ್ಕಿಡಿಯ ಸುತ್ತಮುತ್ತ. ಆದುದರಿಂದಲೇ ಕೇರಳದಲ್ಲಿ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲಿ ಅದೊಂದು. ಆ ನೀರನ್ನು ಕಾಡಿನ ನೆಲ ಒಮ್ಮೆಗೇ ಬಿಟ್ಟುಕೊಡುವುದಿಲ್ಲ. ತರಗೆಲೆಯ ಹಾಸು, ಬೇರಿನ ಬಲೆ, ಮಣ್ಣಿನ ಪದರ, ಇವು ಅದನ್ನು ಹೀರಿ ಹಿಡಿದು, ಹನಿಹನಿಯಾಗಿ ಕೆರೆಗೆ ಒಪ್ಪಿಸುತ್ತವೆ. ಬೇಸಿಗೆಯಲ್ಲಿಯೂ ಕೆರೆ ಬತ್ತದಿರುವುದರ ಗುಟ್ಟು ಇದೇ.

ನೀರಿನ ಮೇಲೆ ನೀಲಿ ಹೂಗಳಿದ್ದವು. ನೀಲಿ ತಾವರೆಯೆಂದು ಹಲವರು ಹೇಳುವರು. ಮಕ್ಕಳೇ, ವಿಜ್ಞಾನದ ಪಾಠವನ್ನು ಇಲ್ಲಿ ನೆನೆಯಿರಿ. ಅದು ತಾವರೆಯಲ್ಲ, ನೈದಿಲೆ. ತಾವರೆಯ ಎಲೆ ಪೂರ್ತಿ ದುಂಡಗಿದ್ದು, ಬಲಿತ ಮೇಲೆ ನೀರಿನಿಂದ ಮೇಲಕ್ಕೆದ್ದು ಛತ್ರಿಯಂತೆ ನಿಲ್ಲುತ್ತದೆ. ನೈದಿಲೆಯ ಎಲೆ ನೀರಿನ ಮೇಲೆಯೇ ತೇಲುತ್ತದೆ. ಅದರ ಒಂದು ಕಡೆ ಕತ್ತರಿಯಿಂದ ಕತ್ತರಿಸಿದಂಥ ಸೀಳಿರುತ್ತದೆ. ತಾವರೆಯಲ್ಲಿ ನೀಲಿ ಬಣ್ಣವೇ ಇಲ್ಲ. ಇಷ್ಟು ತಿಳಿದ ಮೇಲೆ ನಮ್ಮ ಹುಡುಗರು ದಡದುದ್ದಕ್ಕೂ ಎಲೆಯ ಸೀಳುಗಳನ್ನು ಹುಡುಕುತ್ತ ನಡೆದರು. ನೋಡುವುದಕ್ಕೂ ಕಾಣುವುದಕ್ಕೂ ಇರುವ ವ್ಯತ್ಯಾಸವೇ ವಿದ್ಯೆಯೆಂದು ನಾವು ಭಾವಿಸುತ್ತೇವೆ.

ಆ ನೀರಿನಲ್ಲಿ ಒಂದು ಪುಟ್ಟ ಮೀನಿದೆ. ಉದ್ದ ಒಂದು ಬೆರಳಿನಷ್ಟು ಮಾತ್ರ. ವಿಜ್ಞಾನಿಗಳು ಅದನ್ನು 2007ರಲ್ಲಿ ಹೊಸ ಜಾತಿಯೆಂದು ಗುರುತಿಸಿ ವರ್ಣಿಸಿದರು. ಈಗ ಅದರ ಶಾಸ್ತ್ರೀಯ ನಾಮ ಪೆಥಿಯಾ ಪೂಕೋಡೆನ್ಸಿಸ್, ಎಂದರೆ ಪೂಕೋಡಿನದು. ಅದರ ನೆಲೆಯೆಂದು ಲೋಕಕ್ಕೆ ಗೊತ್ತಿರುವುದು ಈ ಒಂದು ಕೆರೆ ಮಾತ್ರ. ಆದುದರಿಂದ ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅದರ ಹೆಸರು ಸೇರಿದೆ. ಗಂಗೆ ದೊಡ್ಡದು, ಗೋದಾವರಿ ದೊಡ್ಡದು. ಆದರೆ ಈ ಮೀನಿಗೆ ಅವೆರಡೂ ಪರದೇಶ. ಕೆರೆ ಚಿಕ್ಕದೆಂದು ನಾವು ಹೇಳುತ್ತೇವೆ; ಆ ಮೀನಿಗೆ ಅದು ಇಡೀ ಪ್ರಪಂಚ.

ಇನ್ನೊಂದು ಸೋಜಿಗವನ್ನು ನಕಾಶೆಯ ಮೇಲೆ ನೋಡಬೇಕು. ಪೂಕೋಡಿನಿಂದ ಪಶ್ಚಿಮ ಸಮುದ್ರಕ್ಕೆ ನೇರ ಗೆರೆ ಎಳೆದರೆ 50 ಕಿಲೋಮೀಟರೂ ಆಗದು. ಲಕ್ಕಿಡಿಯ ಅಂಚಿನಿಂದ ಉರುಳಿದ ಕಲ್ಲು ಮಲಬಾರಿನ ಬಯಲಿನ ಕಡೆಗೇ ಬೀಳುವುದು. ಹಾಗಿದ್ದರೂ ಕೆರೆಯಿಂದ ಹೊರಬಿದ್ದ ತೊರೆ ಆ ಕಡೆಗೆ ಹೋಗುವುದಿಲ್ಲ. ಅದು ಹತ್ತಿರದ ಕಡಲಿಗೆ ಬೆನ್ನು ತಿರುಗಿಸಿ ಪನಮರಂ ಹೊಳೆಯಾಗುತ್ತದೆ. ಮಾನಂದವಾಡಿ ಹೊಳೆಯನ್ನು ಕೂಡಿ ಕಬಿನಿಯಾಗುತ್ತದೆ. ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಕನ್ನಡ ನೆಲವನ್ನು ಮುಟ್ಟುತ್ತದೆ. ಅಲ್ಲಿನ ಜಲಾಶಯದಲ್ಲಿ ವಿಶ್ರಮಿಸಿ, ಗದ್ದೆಗಳಿಗೆ ನೀರುಣಿಸಿ, ನಂಜನಗೂಡಿನ ನಂಜುಂಡೇಶ್ವರನ ಸನ್ನಿಧಿಯನ್ನು ಹಾದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಬಳಿಕ ತಮಿಳುನಾಡನ್ನು ಉದ್ದಕ್ಕೂ ಸಾಗಿ ಬಂಗಾಳ ಕೊಲ್ಲಿ. ಕೇರಳದಲ್ಲಿ ಎಣಿಸುವ 44 ನದಿಗಳಲ್ಲಿ 41 ಪಶ್ಚಿಮಕ್ಕೆ ಹರಿಯುತ್ತವೆ. ಮೂರೇ ಮೂರು ಪೂರ್ವಕ್ಕೆ: ಕಬಿನಿ, ಭವಾನಿ, ಪಾಂಬಾರ್. ಪಡುಗಡಲಿನಿಂದ ಮೋಡವಾಗಿ ಬಂದ ನೀರನ್ನು ಮೂಡುಗಡಲಿಗೆ ಕಳುಹಿಸಿಕೊಡುವ ಕೈಗಳಲ್ಲಿ ಒಂದು, ಆ ಹುಡುಗಿ ಒಂದೇ ನೋಟದಲ್ಲಿ ಅಳೆದು ಮುಗಿಸಿದ ಈ ಕೆರೆ.

ಕಾಸರಗೋಡಿನವರಾದ ನಮಗೆ ಇದರಲ್ಲೊಂದು ವಿಶೇಷ ಅರ್ಥವಿದೆ. ನಮ್ಮ ಪಯಸ್ವಿನಿ ಹುಟ್ಟುವುದು ಕೊಡಗಿನ ಬೆಟ್ಟಗಳಲ್ಲಿ; ಸುಳ್ಯದ ಸೀಮೆಯನ್ನು ದಾಟಿ ನಮ್ಮ ಜಿಲ್ಲೆಗೆ ಬಂದು ಚಂದ್ರಗಿರಿಯಾಗಿ ಕಡಲು ಸೇರುತ್ತಾಳೆ. ಕರ್ನಾಟಕದ ಬೆಟ್ಟ ನಮಗೆ ಪಯಸ್ವಿನಿಯನ್ನು ಕೊಟ್ಟಿದೆ. ಕೇರಳದ ಬೆಟ್ಟ ಕರ್ನಾಟಕಕ್ಕೆ ಕಬಿನಿಯನ್ನು ಕೊಟ್ಟಿದೆ. ಗಡಿಯ ಕಲ್ಲುಗಳನ್ನು ಮನುಷ್ಯರು ನೆಟ್ಟರು; ನೀರು ಅವುಗಳನ್ನು ಓದಲಿಲ್ಲ. ಗಡಿನಾಡಿನಲ್ಲಿ ಕನ್ನಡವನ್ನು ಓದಿ, ಮಲಯಾಳವನ್ನು ನೆರೆಹೊರೆಯಲ್ಲಿ ಆಡಿ, ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಮಾತಾಡುವ ನಮ್ಮ ಮಕ್ಕಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಪೂಕೋಡಿನಲ್ಲಿ ಎಲ್ಲವೂ ಕ್ಷೇಮವಾಗಿದೆಯೆಂದು ಹೇಳಿದರೆ ಅದು ಅರ್ಧ ಸತ್ಯವಾದೀತು. ಕೆರೆಗೂ ಮುಪ್ಪು ಇದೆ. ಸುತ್ತಲಿನ ಇಳಿಜಾರಿನಿಂದ ಮಳೆಯ ನೀರು ಹೂಳನ್ನು ತಂದು ತುಂಬುತ್ತದೆ. ಹೊಲಸು ಸೇರಿದಂತೆ ನೀರಿನಲ್ಲಿ ಗೊಬ್ಬರದ ಅಂಶ ಹೆಚ್ಚುತ್ತದೆ. ಗೊಬ್ಬರ ಹೆಚ್ಚಿದಂತೆ ಕಳೆ ಬೆಳೆಯುತ್ತದೆ. ಕಳೆ ಸತ್ತು ತಳಕ್ಕಿಳಿದು ಕೊಳೆತು ಕೆಸರಾಗುತ್ತದೆ, ಕೊಳೆಯುವಾಗ ಮೀನು ಉಸಿರಾಡಬೇಕಾದ ಆಮ್ಲಜನಕವನ್ನು ತಿನ್ನುತ್ತದೆ. ಹೀಗೆ ಕೆರೆ ವರುಷದಿಂದ ವರುಷಕ್ಕೆ ಆಳ ಕಳೆದುಕೊಂಡು, ಅಂಚುಗಳಿಂದ ಒಳಕ್ಕೆ ಜೌಗಾಗುತ್ತ ಬರುತ್ತದೆ. ನಿಸರ್ಗಕ್ಕೆ ಬಿಟ್ಟರೆ ಇದಕ್ಕೆ ಸಾವಿರಾರು ವರುಷ ಬೇಕು. ಮನುಷ್ಯನ ಅಜಾಗ್ರತೆ ಸೇರಿದರೆ ಒಂದು ತಲೆಮಾರು ಸಾಕು.

ಅಜಾಗ್ರತೆಯ ಮಾತು ಬಂದುದರಿಂದ ನಮ್ಮದೇ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ದಡದ ಮರದ ಕೆಳಗೆ ನಮ್ಮ ತಂಡ ಬುತ್ತಿ ಬಿಚ್ಚಿ ಉಂಡಿತು. ಹೊರಡುವ ಹೊತ್ತಿಗೆ ಗಾಳಿ ಬೀಸಿ ಬಿಸ್ಕತ್ತಿನ ಹೊದಿಕೆಗಳು ಹತ್ತೆಂಟು ನೀರಿಗೆ ಹಾರಿದವು. ಹೊತ್ತಾಯಿತೆಂದು ನಾವು ಮಕ್ಕಳನ್ನು ಬಸ್ಸು ಹತ್ತಿಸಿಬಿಟ್ಟೆವು. ಆಗ ಆ ತಾಣವನ್ನು ಗುಡಿಸುವ ಹಿರಿಯ ಹೆಂಗಸೊಬ್ಬರು, ಯಾರನ್ನೂ ಬೈಯದೆ, ಉದ್ದನೆಯ ಬಿದಿರಿನ ಕೋಲು ತಂದು ಒಂದೊಂದನ್ನೇ ದಡಕ್ಕೆಳೆಯತೊಡಗಿದರು. ಬಸ್ಸಿನ ಕಿಟಕಿಯಿಂದ ಅದನ್ನು ಕಂಡು ಮೊದಲು ಕೆಳಗಿಳಿದವಳು, “ಇಷ್ಟೇ ಇಷ್ಟು ಕೆರೆ” ಎಂದ ಅದೇ ಹುಡುಗಿ. ಅವಳ ಹಿಂದೆ ಉಳಿದವರು. ಕೊನೆಗೆ, ನಾಚಿಕೆಯಿಂದ, ಅಧ್ಯಾಪಕರಾದ ನಾವು. ಅಂದು ಊರು ಸೇರುವುದು ಒಂದು ಗಂಟೆ ತಡವಾಯಿತು. ತಡವಾದುದಕ್ಕೆ ಅಂದು ರಾತ್ರಿ ಚಿಂತೆಯಿಂದ ಕಾದಿದ್ದ ಪೋಷಕರ ಕ್ಷಮೆಯನ್ನು ಇಂದು ಬೇಡುತ್ತೇವೆ. ಕಾರಣವನ್ನೂ ಇಂದೇ ತಿಳಿಸಿದಂತಾಯಿತು.

ಅದೇ ವೈತಿರಿ ತಾಲೂಕಿನ ಮುಂಡಕೈ, ಚೂರಲ್‌ಮಲ ಹಳ್ಳಿಗಳ ಮೇಲೆ 2024ರ ಜುಲೈ 30ರ ನಸುಕಿನಲ್ಲಿ ಬೆಟ್ಟ ಕುಸಿದು ನೂರಾರು ಜನ ಮಡಿದುದನ್ನು ತಾವೆಲ್ಲರೂ ಬಲ್ಲಿರಿ. ಮಡಿದವರಲ್ಲಿ ಶಾಲೆಯ ಮಕ್ಕಳೂ ಇದ್ದರು. ಅಂಥ ದುರಂತಕ್ಕೆ ಒಂದೇ ಕಾರಣವನ್ನು ಬೆರಳಿಟ್ಟು ತೋರಿಸುವುದು ಸರಿಯಲ್ಲ. ಆ ದಿನಗಳ ಮಳೆ ಅಸಾಮಾನ್ಯವಾಗಿತ್ತು. ಆದರೆ ಮಣ್ಣು, ಮರ, ನೀರು ಇವು ಮೂರೂ ಒಂದನ್ನೊಂದು ಹಿಡಿದುಕೊಂಡಿರುವ ಬಂಧುಗಳೆಂಬುದನ್ನು ಘಟ್ಟದ ಇಕ್ಕೆಲಗಳಲ್ಲಿಯೂ ಬಾಳುವ ನಾವು ಮರೆಯಲಾಗದು.

ಈಗ ನಮ್ಮೂರಿನ ವಿಚಾರಕ್ಕೆ ಬರುತ್ತೇವೆ. ನಮ್ಮ ಶಾಲೆಯ ಹಿಂಬದಿಯಲ್ಲಿ ಹಿರಿಯರು ಕಟ್ಟಿದ ಮದಕವೊಂದಿದೆ. ಅದನ್ನು ಮಣ್ಣು ಹಾಕಿ ಮುಚ್ಚಿ ಆಟದ ಬಯಲನ್ನಾಗಿ ಮಾಡಬೇಕೆಂಬ ಸಲಹೆ ಕಳೆದ ವರುಷ ಪೋಷಕರ ಸಭೆಯಲ್ಲಿ ಬಂದಿತು. ಸಲಹೆಯ ಹಿಂದೆ ಇದ್ದುದು ಮಕ್ಕಳ ಮೇಲಿನ ಪ್ರೀತಿಯೇ. ಆಟದ ಬಯಲಿಲ್ಲದ ಶಾಲೆಗೆ ಮಕ್ಕಳನ್ನು ಕಳುಹಿಸಲು ತಂದೆತಾಯಂದಿರು ಹಿಂಜರಿಯುತ್ತಾರೆ. ಪೇಟೆಯ ಇಂಗ್ಲಿಷ್ ಮಾಧ್ಯಮದ ಶಾಲೆಗಳ ವಾಹನ ಮನೆಯ ಬಾಗಿಲಿಗೇ ಬರುತ್ತದೆ. ನಮ್ಮ ಹಾಜರಿ ಪುಸ್ತಕದ ಹಾಳೆಗಳು ಪ್ರತಿ ಜೂನ್ ತಿಂಗಳಲ್ಲಿ ತೆಳುವಾಗುತ್ತಿವೆ. ಇದೆಲ್ಲವೂ ನಿಜ. ಆದುದರಿಂದಲೇ ಅಂದು ನಾವೂ ಆ ಸಲಹೆಗೆ ಸಮ್ಮತಿಸಿ ಸಹಿ ಹಾಕಿದ್ದೆವು. ಇಂದು ಆ ಸಹಿಯ ಬಗೆಗೆ ನಮ್ಮ ಮನಸ್ಸು ಬದಲಾಗಿದೆಯೆಂಬುದನ್ನು ಸಭೆಯ ಮುಂದೆ ಮುಚ್ಚುಮರೆಯಿಲ್ಲದೆ ಹೇಳುವುದು ನಮ್ಮ ಕರ್ತವ್ಯ.

ನಮ್ಮ ಜಿಲ್ಲೆಯಲ್ಲಿ ವರುಷಕ್ಕೆ ಸುಮಾರು 3,500 ಮಿಲ್ಲಿಮೀಟರ್ ಮಳೆ ಬೀಳುತ್ತದೆ. ಆದರೂ ಏಪ್ರಿಲ್ ತಿಂಗಳಲ್ಲಿ ಕೊಡ ಹಿಡಿದು ಅಲೆಯುತ್ತೇವೆ. ಬಿದ್ದ ನೀರಿನ ಬಹುಪಾಲು ಮುರಕಲ್ಲಿನ ಗುಡ್ಡದಿಂದ ಇಳಿದು ಕೆಲವೇ ಗಂಟೆಗಳಲ್ಲಿ ಕಡಲು ಸೇರುವುದೇ ಇದಕ್ಕೆ ಕಾರಣ. ಇದನ್ನು ಕಂಡೇ ನಮ್ಮ ಹಿರಿಯರು ಗುಡ್ಡದ ಹೊಟ್ಟೆಯಲ್ಲಿ ಸುರಂಗ ತೋಡಿದರು. ಇಳಿಜಾರಿನ ತಗ್ಗಿಗೆ ಅಡ್ಡಲಾಗಿ ಕಟ್ಟ ಹಾಕಿ ಮದಕ ಮಾಡಿದರು. ಓಡುವ ನೀರನ್ನು ನಿಲ್ಲಿಸು, ನಿಂತ ನೀರನ್ನು ಇಂಗಿಸು ಎಂಬುದು ಅವರ ಶಾಸ್ತ್ರ. ಪೂಕೋಡಿನಲ್ಲಿ ಕಾಡು ತಾನಾಗಿ ಮಾಡಿದ ಕೆಲಸವನ್ನು ಇಲ್ಲಿ ಅವರು ಹಾರೆ ಗುದ್ದಲಿಗಳಿಂದ ಮಾಡಿದರು.

ಪ್ರವಾಸದಿಂದ ಬಂದ ಮೇಲೆ ನಮ್ಮ ಮಕ್ಕಳು ಒಂದು ಕೆಲಸ ಹಿಡಿದಿದ್ದಾರೆ. ಮದಕದ ಕಟ್ಟದಿಂದ ನಮ್ಮ ಮಧ್ಯಾಹ್ನದ ಊಟಕ್ಕೆ ನೀರು ಕೊಡುವ ಬಾವಿಯವರೆಗೆ ಹೆಜ್ಜೆ ಹಾಕಿ ಎಣಿಸಿದರು: 70 ಹೆಜ್ಜೆ. ಜನವರಿಯ ಮೊದಲ ವಾರದಿಂದ ಪ್ರತಿ ಶುಕ್ರವಾರ ಗಂಟು ಹಾಕಿದ ಹಗ್ಗವನ್ನು ಇಳಿಸಿ, ಮದಕದ ಆಳವನ್ನೂ ಬಾವಿಯ ನೀರಿನ ಮಟ್ಟವನ್ನೂ ಒಂದು ನೋಟು ಪುಸ್ತಕದಲ್ಲಿ ಬರೆದಿಡುತ್ತಿದ್ದಾರೆ. ಒಂದು ಇಳಿದಂತೆ ಇನ್ನೊಂದು ಎಷ್ಟು ಇಳಿಯುತ್ತದೆಂಬುದನ್ನು ಆ ಪುಸ್ತಕವೇ ಹೇಳಬೇಕು. ಕೆಲವೇ ವಾರಗಳ ಲೆಕ್ಕದಿಂದ ತೀರ್ಮಾನ ಹೇಳುವ ಅವಸರ ನಮಗಿಲ್ಲ; ಹಾಗೆ ಹೇಳಿದರೆ ನಾವೇ ಕಲಿಸಿದ ವಿಜ್ಞಾನಕ್ಕೆ ಅಪಚಾರವಾದೀತು.

ಆದುದರಿಂದ ಈ ಸಭೆಯಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಮಕ್ಕಳ ಪುಸ್ತಕ ಒಂದು ಮಳೆಗಾಲವನ್ನೂ ಒಂದು ಬೇಸಿಗೆಯನ್ನೂ ಪೂರೈಸುವವರೆಗೆ ಮದಕದ ಮೇಲೆ ಒಂದು ಬುಟ್ಟಿ ಮಣ್ಣೂ ಬೀಳದಿರಲಿ. ಅದರ ಹೂಳನ್ನು ತೆಗೆಯಲು ಮೇ ತಿಂಗಳಲ್ಲಿ ಎರಡು ಭಾನುವಾರಗಳ ಶ್ರಮದಾನಕ್ಕೆ ಪೋಷಕರು ಮನೆಗೊಬ್ಬರಂತೆ ಬರಲಿ. ಕಟ್ಟದ ಮೇಲೆ ನಡೆಯಲು ಒಂದು ದಾರಿ, ದಾರಿಯ ಬದಿಗೆ ನೇರಳೆ, ಹೊನ್ನೆ, ರೆಂಜೆಯಂಥ ನಮ್ಮ ನೆಲದ ಮರಗಳು, ಮಕ್ಕಳು ಜಾರದಂತೆ ಬೇಲಿ: ಇಷ್ಟಾದರೆ ನಮ್ಮೂರಿಗೂ ಒಂದು ಪುಟ್ಟ ಕೆರೆದಡದ ಉದ್ಯಾನವಾದೀತು. ಆಟದ ಬಯಲಿನ ಬೇಡಿಕೆಯನ್ನು ನಾವು ಕೈಬಿಟ್ಟಿಲ್ಲ. ಶಾಲೆಯ ಮೂಡುಬದಿಯ ಮುರಕಲ್ಲಿನ ಪದವನ್ನು ಸಮತಟ್ಟು ಮಾಡಬಹುದು. ಅದಕ್ಕೆ ಹಣವೂ ಶ್ರಮವೂ ಹೆಚ್ಚು ಬೇಕೆಂಬುದನ್ನು ಮರೆಮಾಚುವುದಿಲ್ಲ. ಮದಕ ಮುಚ್ಚುವುದು ಅಗ್ಗ. ಆದರೆ ಮುಚ್ಚಿದ ಮದಕವನ್ನು ಮರಳಿ ತೆರೆದವರನ್ನು ನಾವು ಇದುವರೆಗೆ ಕಂಡಿಲ್ಲ.

ಚಿಕ್ಕದೆಂಬ ಮಾತಿನ ಬಗೆಗೆ ಒಂದು ಮಾತು ಹೇಳಿ ಮುಗಿಸುತ್ತೇವೆ. ನಮ್ಮ ಶಾಲೆಯನ್ನು ನೋಡಿ, “ಇಷ್ಟೇ ಮಕ್ಕಳೇ?” ಎಂದು ಕೇಳುವವರಿದ್ದಾರೆ. ಹೌದು, ಇಷ್ಟೇ. ಆದರೆ ಈ ಸುತ್ತಿನಲ್ಲಿ ಕನ್ನಡದ ಅಕ್ಷರಕ್ಕೆ ಉಳಿದಿರುವ ನೆಲೆ ಇಂಥವೇ. ಒಂದು ಮೀನಿಗೆ ಒಂದು ಕೆರೆ ಸಾಕಾಗುತ್ತದೆ, ಆ ಕೆರೆಯನ್ನು ಯಾರಾದರೂ ಕಾಯುತ್ತಿದ್ದರೆ.

ಬಿದಿರಿನ ಕೋಲು ಹಿಡಿದ ಆ ಹಿರಿಯ ತಾಯಿಯ ಹೆಸರನ್ನು ಕೇಳಿ ತಿಳಿದುಕೊಳ್ಳಲು ಅಂದು ಮರೆತೆವು. ಮುಂದಿನ ಶುಕ್ರವಾರ ಹಗ್ಗ ಇಳಿಸುವ ಸರದಿ ಆರನೆಯ ತರಗತಿಯದು. ಬಿಡುವಿರುವ ಪೋಷಕರು ಮೂರೂವರೆ ಗಂಟೆಗೆ ಮದಕದ ಕಟ್ಟದ ಬಳಿಗೆ ದಯಮಾಡಿಸಬೇಕು. ಲೆಕ್ಕ ಬರೆಯುವ ಪುಸ್ತಕವನ್ನು ಮಕ್ಕಳೇ ತಮಗೆ ತೋರಿಸುವರು.

 ಇನ್ನು ಬಹುಮಾನಗಳ ಸರದಿ.